ಟ್ರಂಕ್ ಸರಿ ಇದೆ, ಹೊಸ ವಿಲ್ಯಾನ್ ಮಾತ್ರ ಬರ್ತಿಲ್ಲ: ದೋಷ ಹುಡುಕುವುದು ಹೇಗೆ?

ಒಂದು ಸ್ವಿಚ್‌ನಲ್ಲಿ ವಿಲ್ಯಾನ್ 30 ಸೇರಿಸಿದಿರಿ. (ವಿಲ್ಯಾನ್ ಅಂದರೆ ಒಂದೇ ಜಾಲವನ್ನು ಬೇರೆ ಬೇರೆ ಗುಂಪಾಗಿ ಒಡೆಯುವ ವ್ಯವಸ್ಥೆ, ಟ್ರಂಕ್ ಅಂದರೆ ಹಲವು ವಿಲ್ಯಾನ್‌ಗಳನ್ನು ಸ್ವಿಚ್‌ನಿಂದ ಸ್ವಿಚ್‌ಗೆ ಒಟ್ಟಿಗೆ ಒಯ್ಯುವ ಲಿಂಕ್.) ಮೂರು ಸ್ವಿಚ್ ಆಚೆ ಇರುವ ಕಂಪ್ಯೂಟರ್‌ಗೆ ಅದು ತಾನಾಗಿಯೇ ತಲುಪಬೇಕಿತ್ತು. ತಲುಪಲಿಲ್ಲ. ಕೇಬಲ್ ಸರಿ ಇದೆ, ಲೈಟ್ ಉರಿಯುತ್ತಿದೆ, ಹಳೆಯ ವಿಲ್ಯಾನ್‌ಗಳೆಲ್ಲ ಓಡುತ್ತಿವೆ. ಹೊಸದೊಂದೇ ಕಾಣೆ.

ಇಲ್ಲಿ ಹೊತ್ತು ಹಾಳಾಗುವುದು ಬಹುತೇಕ ಒಂದೇ ತಪ್ಪು ಕಲ್ಪನೆಯಿಂದ. ತಾನಾಗಿಯೇ ಹೋಗುತ್ತದೆ ಅಂದರೆ ಎಲ್ಲವೂ ಹೋಗುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಸಿಸ್ಕೊ ಸ್ವಿಚ್‌ಗಳು ತಮ್ಮತಮ್ಮಲ್ಲಿ ಸುದ್ದಿ ಹಂಚಿಕೊಳ್ಳುವ ವಿಟಿಪಿ ಎಂಬ ಪ್ರೋಟೊಕಾಲ್ ಸಾಗಿಸುವುದು ವಿಲ್ಯಾನ್‌ಗಳ ಪಟ್ಟಿಯನ್ನು ಮಾತ್ರ. ನಂಬರು, ಹೆಸರು, ಹೆಚ್ಚುಕಮ್ಮಿ ಅಷ್ಟೇ. ಯಾವ ಟ್ರಂಕ್ ಅದನ್ನು ಬಿಡಬೇಕು, ಯಾವ ಪೋರ್ಟ್ ಅದರಲ್ಲಿ ಇರಬೇಕು ಎಂಬುದನ್ನು ಅದು ತೀರ್ಮಾನಿಸುವುದಿಲ್ಲ. ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ ಐಇಇಇ ರೂಪಿಸಿದ ಎಂವಿಆರ್‌ಪಿ ಬೇರೆ ಥರ. 'ನನಗೆ ಈ ವಿಲ್ಯಾನ್ ಬೇಕು' ಎಂದು ಒಂದು ಸ್ವಿಚ್ ಪಕ್ಕದ ಸ್ವಿಚ್‌ಗೆ ಹೇಳುತ್ತದೆ. ಕೇಳಿಸಿಕೊಂಡ ಸ್ವಿಚ್ ಆ ಟ್ರಂಕ್ ಪೋರ್ಟನ್ನು ವಿಲ್ಯಾನ್‌ಗೆ ಸೇರಿಸಿಕೊಳ್ಳುತ್ತದೆ. 2007ರ 802.1ಎಕೆ ತಿದ್ದುಪಡಿಯಲ್ಲಿ ಬಂದ ಇದು ಇದೇ ಕೆಲಸ ಮಾಡುತ್ತಿದ್ದ ಹಳೆಯ ಜಿವಿಆರ್‌ಪಿಯ ಜಾಗ ಹಿಡಿಯಿತು.

ಹಾಗಾಗಿ ದಾರಿಯಲ್ಲಿರುವ ಪ್ರತಿ ಸ್ವಿಚ್‌ಗೂ ಮೂರು ಪ್ರಶ್ನೆ ಕೇಳಬೇಕು. ಈ ವಿಲ್ಯಾನ್ ನಿನಗೆ ಗೊತ್ತಾ? ನಿನ್ನ ಟ್ರಂಕ್ ಅದನ್ನು ಬಿಡುತ್ತಾ? ಈಗ ನಿಜವಾಗಲೂ ಕಳಿಸುತ್ತಿದೀಯಾ? ಕೆಳಗಿನದೆಲ್ಲ ಈ ಮೂರರ ಸುತ್ತಲೇ ಇದೆ. ಕಮಾಂಡ್‌ಗಳು ಸಿಸ್ಕೊ ಸ್ವಿಚ್‌ಗಳ ಸಾಫ್ಟ್‌ವೇರ್ ಐಒಎಸ್‌ನವು. ಬೇರೆ ಕಂಪನಿಯ ಸ್ವಿಚ್‌ನಲ್ಲಿ ಪದ ಬದಲಾಗಬಹುದು, ಪ್ರಶ್ನೆ ಬದಲಾಗುವುದಿಲ್ಲ.

ಕೈ ಹಾಕುವ ಮೊದಲು

ನೋಡುವ ಕಮಾಂಡ್‌ಗಳಿಂದ ಯಾವ ಅಪಾಯವೂ ಇಲ್ಲ, ಎಷ್ಟು ಬೇಕಾದರೂ ಹೊಡೆಯಿರಿ. ಬದಲಾಯಿಸುವ ಕಮಾಂಡ್ ಹೊಡೆಯುವ ಮೊದಲು ಮಾತ್ರ ಒಂದು ನಿಮಿಷ ನಿಲ್ಲಿ. ನೀವು ಸ್ವಿಚ್‌ಗೆ ಯಾವ ದಾರಿಯಲ್ಲಿ ಹೋಗಿದ್ದೀರಿ? ತಿದ್ದಲು ಹೊರಟ ಟ್ರಂಕ್ ಮೂಲಕವೇ ಹೋಗಿದ್ದರೆ, ಕೂತ ಕೊಂಬೆಯನ್ನೇ ಕಡಿದ ಹಾಗಾಗುತ್ತದೆ. ಸ್ವಿಚ್‌ಗೆ ನೇರವಾಗಿ ಜೋಡಿಸುವ ಕನ್ಸೋಲ್ ಕೇಬಲ್ ಹಾಕಿಕೊಳ್ಳಿ. ಅದಾಗದಿದ್ದರೆ 'ರಿಲೋಡ್ ಇನ್ 10' ಕೊಟ್ಟಿಟ್ಟು ಕೆಲಸ ಮಾಡಿ. ಕೈ ತಪ್ಪಿದರೆ ಹತ್ತು ನಿಮಿಷಕ್ಕೆ ಸ್ವಿಚ್ ಮರುಚಾಲೂ ಆಗಿ ಸೇವ್ ಮಾಡಿದ್ದ ಹಳೆಯ ಕಾನ್ಫಿಗ್‌ಗೆ ಮರಳುತ್ತದೆ. ಎಲ್ಲ ಸರಿಯಾದರೆ 'ರಿಲೋಡ್ ಕ್ಯಾನ್ಸಲ್' ಕೊಡಲು ಮರೆಯಬೇಡಿ.

ಇದರಲ್ಲೂ ಒಂದು ತೂತಿದೆ. ವಿಟಿಪಿ ಸರ್ವರ್ ಮೋಡ್‌ನಲ್ಲಿ (ಪಟ್ಟಿ ಬದಲಾಯಿಸಿ ಹರಡಬಲ್ಲ ಸ್ವಿಚ್‌ನಲ್ಲಿ) ವಿಲ್ಯಾನ್ ಪಟ್ಟಿ ಇರುವುದು ಈಗ ಓಡುತ್ತಿರುವ ರನ್ನಿಂಗ್ ಕಾನ್ಫಿಗ್‌ನಲ್ಲಲ್ಲ, ಫ್ಲ್ಯಾಶ್‌ನಲ್ಲಿರುವ 'ವಿಲ್ಯಾನ್ ಡಾಟ್ ಡ್ಯಾಟ್' ಎಂಬ ಫೈಲ್‌ನಲ್ಲಿ. ವಿಲ್ಯಾನ್ ಅಳಿಸಿದ ಕೂಡಲೇ ಆ ಫೈಲ್ ಬದಲಾಗುತ್ತದೆ, ಪಕ್ಕದ ಸ್ವಿಚ್‌ಗಳಿಗೂ ಸುದ್ದಿ ಹೋಗುತ್ತದೆ. ರಿಲೋಡ್ ಮಾಡಿದರೂ ಅದು ವಾಪಸ್ ಬರುವುದಿಲ್ಲ. ಕಾನ್ಫಿಗ್ ಬ್ಯಾಕಪ್ ಇದೆ ಎಂದು ನಿಶ್ಚಿಂತೆಯಾಗಿರುವವರು ಇದನ್ನೊಮ್ಮೆ ನೋಡಿಕೊಳ್ಳಿ. 'ಶೋ ವಿಲ್ಯಾನ್' ಕೊಟ್ಟು ಬಂದದ್ದನ್ನು ಒಂದು ಟೆಕ್ಸ್ಟ್ ಫೈಲ್‌ಗೆ ಅಂಟಿಸಿಟ್ಟರೆ ಸಾಕು, ಎರಡು ನಿಮಿಷದ ಕೆಲಸ.

ಲಕ್ಷಣ: ಕಂಪ್ಯೂಟರ್‌ಗೆ ಐಪಿ ವಿಳಾಸ ಸಿಗುತ್ತಿಲ್ಲ

ಜನ ಮೊದಲು ಗಮನಿಸುವುದು ಇದನ್ನೇ. ಕಂಪ್ಯೂಟರ್ 169.254ರಿಂದ ಶುರುವಾಗುವ ವಿಳಾಸ ತೋರಿಸುತ್ತದೆ. ಅಂದರೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಕಡೆಯಿಂದ ಉತ್ತರ ಬಾರದೆ ಅದು ತಾನೇ ಒಂದು ವಿಳಾಸ ಇಟ್ಟುಕೊಂಡಿದೆ.

ಮೊದಲು ಟ್ರಂಕ್ ಬಿಟ್ಟು ಆ ಕಂಪ್ಯೂಟರ್‌ನ ಪೋರ್ಟ್ ನೋಡಿ. 'ಶೋ ಇಂಟರ್‌ಫೇಸಸ್' ಜೊತೆ ಪೋರ್ಟ್ ನಂಬರ್ ಕೊಟ್ಟು ಕೊನೆಗೆ 'ಸ್ವಿಚ್‌ಪೋರ್ಟ್' ಸೇರಿಸಿ. ಆಕ್ಸೆಸ್ ವಿಲ್ಯಾನ್ (ಪೋರ್ಟ್ ಸೇರಿರುವ ಒಂದೇ ವಿಲ್ಯಾನ್) ಸಾಲಿನಲ್ಲಿ '30' ಬಂದು ಪಕ್ಕದಲ್ಲಿ 'ಇನ್‌ಆ್ಯಕ್ಟಿವ್' ಎಂದಿದ್ದರೆ ಉತ್ತರ ಸಿಕ್ಕಿತು. ಪೋರ್ಟನ್ನು ವಿಲ್ಯಾನ್ 30ಕ್ಕೆ ಹಾಕಲಾಗಿದೆ, ಆದರೆ ಈ ಸ್ವಿಚ್‌ಗೆ 30 ಎಂಬುದೇ ಗೊತ್ತಿಲ್ಲ. ಪಟ್ಟಿ ಬಂದಿಲ್ಲ, ಮುಂದಿನ ವಿಭಾಗಕ್ಕೆ ಹೋಗಿ. ಅಲ್ಲಿ 1 ಎಂದಿದ್ದರೆ ಪೋರ್ಟನ್ನು 30ಕ್ಕೆ ಹಾಕುವುದನ್ನೇ ಯಾರೋ ಮರೆತಿದ್ದಾರೆ. ವಿಟಿಪಿ ಆ ಕೆಲಸ ಮಾಡುವುದಿಲ್ಲ ಎಂದು ಆಗಲೇ ಹೇಳಿದೆನಲ್ಲ.

ಪೋರ್ಟ್ ಸರಿ ಇದ್ದರೆ 'ಶೋ ಇಂಟರ್‌ಫೇಸಸ್ ಟ್ರಂಕ್' ಕೊಡಿ. ಇಡೀ ಕೈಪಿಡಿಯಲ್ಲಿ ಒಂದೇ ಕಮಾಂಡ್ ನೆನಪಿಡುವುದಾದರೆ ಇದನ್ನು ನೆನಪಿಡಿ. ಬರುವ ಉತ್ತರದಲ್ಲಿ ನಾಲ್ಕು ಭಾಗ ಇರುತ್ತವೆ, ಜಾಸ್ತಿ ಜನ ಮೊದಲನೆಯದನ್ನು ನೋಡಿ ಎದ್ದು ಹೋಗುತ್ತಾರೆ.

ಮೊದಲ ಭಾಗದಲ್ಲಿ ಯಾವ ಪೋರ್ಟ್ ಟ್ರಂಕ್ ಆಗಿದೆ, ಅದರ ನೇಟಿವ್ ವಿಲ್ಯಾನ್ (ವಿಲ್ಯಾನ್ ನಂಬರಿನ ಗುರುತು, ಅಂದರೆ ಟ್ಯಾಗ್ ಇಲ್ಲದೆ ಹೋಗುವಂಥದ್ದು) ಯಾವುದು ಎಂದಿರುತ್ತದೆ. ಎರಡನೆಯದು ಆ ಟ್ರಂಕ್ ಮೇಲೆ ನೀವು ಬಿಟ್ಟಿರುವ ವಿಲ್ಯಾನ್‌ಗಳು. ಮೂರನೆಯದು, ಹಾಗೆ ಬಿಟ್ಟವುಗಳ ಪೈಕಿ ಈ ಸ್ವಿಚ್‌ನಲ್ಲಿ ನಿಜವಾಗಿ ಇರುವಂಥವು. ನಾಲ್ಕನೆಯದು, ಫ್ರೇಮ್‌ಗಳು ಸುತ್ತುತ್ತಲೇ ಇರುವ ಲೂಪ್ ಆಗದಂತೆ ದಾರಿ ಮುಚ್ಚುವ ಸ್ಪ್ಯಾನಿಂಗ್ ಟ್ರೀ ತಡೆಯದೆ, ಆಚೆ ಬೇಡದ ವಿಲ್ಯಾನನ್ನು ನಿಲ್ಲಿಸುವ ಪ್ರೂನಿಂಗ್ ಕತ್ತರಿಸದೆ ಈಗ ಹರಿಯುತ್ತಿರುವಂಥವು. ನಿಮ್ಮ 30 ಯಾವ ಭಾಗದಿಂದ ಕಾಣೆಯಾಯಿತು ನೋಡಿ. ಮೊದಲ ಭಾಗದಲ್ಲಿ ಪೋರ್ಟೇ ಇಲ್ಲದಿದ್ದರೆ ಟ್ರಂಕ್ ಆಗಿಲ್ಲ. ಎರಡರಲ್ಲಿ ಇಲ್ಲದಿದ್ದರೆ ಬಿಡುವ ಪಟ್ಟಿಯ ತಪ್ಪು. ಎರಡರಲ್ಲಿದ್ದು ಮೂರರಲ್ಲಿ ಇಲ್ಲದಿದ್ದರೆ ಸ್ವಿಚ್‌ಗೆ ವಿಲ್ಯಾನ್ ಗೊತ್ತಿಲ್ಲ. ಮೂರರಲ್ಲಿದ್ದು ನಾಲ್ಕರಲ್ಲಿ ಇಲ್ಲದಿದ್ದರೆ ಸ್ಪ್ಯಾನಿಂಗ್ ಟ್ರೀ ಅಥವಾ ಪ್ರೂನಿಂಗ್.

ಟ್ರಂಕ್‌ನ ಎರಡೂ ತುದಿಯಲ್ಲಿ ಇದನ್ನು ನೋಡಬೇಕು. ಒಂದೇ ತುದಿ ನೋಡಿ ತೀರ್ಮಾನ ಮಾಡಬೇಡಿ.

ಲಕ್ಷಣ: ಆಚೆ ಸ್ವಿಚ್‌ನ ಪಟ್ಟಿಯಲ್ಲಿ ವಿಲ್ಯಾನ್ ಇಲ್ಲವೇ ಇಲ್ಲ

ಎರಡೂ ಕಡೆ 'ಶೋ ವಿಟಿಪಿ ಸ್ಟೇಟಸ್' ಕೊಟ್ಟು ಅಕ್ಕಪಕ್ಕ ಇಟ್ಟು ಓದಿ.

ಡೊಮೇನ್ ಹೆಸರು, ಅಂದರೆ ವಿಟಿಪಿ ಪಟ್ಟಿ ಹಂಚಿಕೊಳ್ಳುವ ಸ್ವಿಚ್‌ಗಳ ಗುಂಪಿನ ಹೆಸರು, ಒಂದೇ ಇರಬೇಕು. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಕೂಡ ತಾಳೆಯಾಗಬೇಕು. ಕಣ್ಣಿಗೆ ಎರಡೂ ಒಂದೇ ಥರ ಕಂಡು ಗಂಟೆಗಟ್ಟಲೆ ಸತಾಯಿಸುವ ತಪ್ಪು ಇದು. ಆಮೇಲೆ ಮೋಡ್. ಒಂದು ಕಡೆ ಟ್ರಾನ್ಸ್‌ಪರೆಂಟ್ ಅಥವಾ ಆಫ್ ಇದ್ದರೆ ಆ ಸ್ವಿಚ್ ಬಂದ ಪಟ್ಟಿಯನ್ನು ತನಗೆ ಹಚ್ಚಿಕೊಳ್ಳುವುದಿಲ್ಲ.

ಪಾಸ್‌ವರ್ಡ್ ತಪ್ಪಿದ್ದರೆ ದೊಡ್ಡ ಗಲಾಟೆಯೇನೂ ಆಗುವುದಿಲ್ಲ, ಸುಮ್ನೆ ಪಟ್ಟಿ ಬರುವುದು ನಿಲ್ಲುತ್ತದೆ. 'ಶೋ ವಿಟಿಪಿ ಕೌಂಟರ್ಸ್' ನೋಡಿ. 'ಕಾನ್ಫಿಗ್ ಡೈಜೆಸ್ಟ್ ಎರರ್ಸ್' ಸಂಖ್ಯೆ ಏರುತ್ತಿದ್ದರೆ ಪಾಸ್‌ವರ್ಡ್ ಮೇಲೆ ಅನುಮಾನ ಪಡಿ. 'ಕಾನ್ಫಿಗ್ ರಿವಿಷನ್ ಎರರ್ಸ್' ಏರುತ್ತಿದ್ದರೆ ಕಥೆ ಬೇರೆ. ಎರಡು ಸ್ವಿಚ್‌ಗಳಲ್ಲಿ ರಿವಿಷನ್ ನಂಬರ್ (ಪಟ್ಟಿ ಬದಲಾದಾಗಲೆಲ್ಲ ಒಂದು ಏರುವ ಎಣಿಕೆ) ಒಂದೇ ಇದೆ, ಪಟ್ಟಿ ಮಾತ್ರ ಬೇರೆ ಬೇರೆ. ಲಿಂಕ್ ಬಿದ್ದಿದ್ದಾಗ ಇಬ್ಬರು ಎರಡು ಸರ್ವರ್‌ಗಳಲ್ಲಿ ಬದಲಾವಣೆ ಮಾಡಿದ್ದರೆ ಹೀಗಾಗುತ್ತದೆ. ಯಾವ ಪಟ್ಟಿ ಸರಿ ಎಂದು ನೀವೇ ತೀರ್ಮಾನಿಸಿ, ಅದಿರುವ ಸರ್ವರ್‌ನಲ್ಲಿ ಒಂದು ಸಣ್ಣ ಬದಲಾವಣೆ ಮಾಡಿ. ಅದರ ನಂಬರ್ ಒಂದು ಮೇಲೆ ಹೋಗಿ ಗೆಲ್ಲುತ್ತದೆ. ಸೋಲುವ ಪಟ್ಟಿಯಲ್ಲಷ್ಟೇ ಇದ್ದ ವಿಲ್ಯಾನ್ ಅಳಿದುಹೋಗುತ್ತದೆ, ಬರೆದಿಟ್ಟುಕೊಂಡು ಮಾಡಿ.

ವಿಲ್ಯಾನ್ ನಂಬರನ್ನೂ ಗಮನಿಸಿ. ವಿಟಿಪಿಯ 1 ಮತ್ತು 2ನೇ ಆವೃತ್ತಿಗಳು 1ರಿಂದ 1005ರವರೆಗಿನ ವಿಲ್ಯಾನ್‌ಗಳನ್ನು ಮಾತ್ರ ಹರಡುತ್ತವೆ. 1006ರಿಂದ 4094ರವರೆಗಿನವು ಹರಡಬೇಕಾದರೆ 3ನೇ ಆವೃತ್ತಿ ಬೇಕು. ವಿಲ್ಯಾನ್ 2030 ಬರುತ್ತಿಲ್ಲ, 203 ಬರುತ್ತಿದೆ ಅಂದರೆ ಇಲ್ಲಿಗೇ ಹುಡುಕಾಟ ನಿಲ್ಲಿಸಬಹುದು.

3ನೇ ಆವೃತ್ತಿಯಲ್ಲಿ ಸರ್ವರ್ ಮೋಡ್ ಇದ್ದ ಮಾತ್ರಕ್ಕೆ ವಿಲ್ಯಾನ್ ಸೇರಿಸಲು ಬಿಡುವುದಿಲ್ಲ. ಒಂದು ಸ್ವಿಚ್ 'ಪ್ರೈಮರಿ' ಆಗಿರಬೇಕು. ಆ ಪಟ್ಟ ರಿಲೋಡ್ ಆದರೆ ಹೋಗುತ್ತದೆ. ನಿನ್ನೆವರೆಗೆ ವಿಲ್ಯಾನ್ ಸೇರಿಸಲು ಆಗುತ್ತಿತ್ತು, ರಾತ್ರಿ ಕರೆಂಟ್ ಹೋಗಿ ಬಂದ ಮೇಲೆ ಬೈಯುತ್ತಿದೆ ಅಂದರೆ ಕಾರಣ ಇದು. 'ವಿಟಿಪಿ ಪ್ರೈಮರಿ' ಕೊಟ್ಟರೆ ಪಟ್ಟ ಮತ್ತೆ ಸಿಗುತ್ತದೆ. ಇದನ್ನು ಕಾನ್ಫಿಗ್ ಮೋಡ್‌ನಲ್ಲಿ ಅಲ್ಲ, ಅದರ ಹೊರಗೆ ಕೊಡಬೇಕು.

ಲಕ್ಷಣ: ಟ್ರಂಕೇ ಆಗುತ್ತಿಲ್ಲ

ವಿಟಿಪಿ ಸುದ್ದಿ ಟ್ರಂಕ್ ಮೇಲೆ ಮಾತ್ರ ಓಡುತ್ತದೆ. ಲಿಂಕ್ ಮೇಲಿದ್ದು, ಒಂದೇ ಒಂದು ವಿಲ್ಯಾನ್ ಕೆಲಸ ಮಾಡಿ ಬಾಕಿಯೆಲ್ಲ ಸತ್ತಿದ್ದರೆ ಒಂದು ತುದಿ ಟ್ರಂಕ್, ಇನ್ನೊಂದು ತುದಿ ಆಕ್ಸೆಸ್ ಆಗಿರುವ ಸಂಭವ ಜಾಸ್ತಿ.

ಸ್ವಿಚ್‌ಗಳು ಮಾತಾಡಿಕೊಂಡು ತಾವೇ ಟ್ರಂಕ್ ಮಾಡಿಕೊಳ್ಳುವ ಡಿಟಿಪಿ ನಂಬಿ ಬಿಟ್ಟಿದ್ದರೆ ಎರಡೂ ಕಡೆಯ ಮೋಡ್ ನೋಡಿ. ಎರಡೂ 'ಡೈನಮಿಕ್ ಆಟೋ' ಇದ್ದರೆ ಟ್ರಂಕ್ ಆಗುವುದೇ ಇಲ್ಲ. ಮೊದಲು ನೀನು ಕೇಳು ಎಂದು ಇಬ್ಬರೂ ಕಾಯುತ್ತಾ ಕೂತಿರುತ್ತಾರೆ. ಇನ್ನೊಂದು ಗುಟ್ಟು: ಡಿಟಿಪಿ ಸಂದೇಶದೊಳಗೆ ವಿಟಿಪಿ ಡೊಮೇನ್ ಹೆಸರೂ ಹೋಗುತ್ತದೆ. ಎರಡು ಕಡೆ ಬೇರೆ ಬೇರೆ ಹೆಸರಿದ್ದರೆ ಮಾತುಕತೆ ಮುರಿದು ಬೀಳುತ್ತದೆ. ಟ್ರಂಕ್ ಆಗದೇ ಇರುವುದಕ್ಕೆ ವಿಟಿಪಿ ಕಾರಣ ಎಂದು ಯಾರಿಗೆ ಹೊಳೆಯುತ್ತದೆ ಹೇಳಿ? ಲಾಗ್‌ನಲ್ಲಿ 'ಡೊಮೇನ್ ಮಿಸ್‌ಮ್ಯಾಚ್' ಸಾಲಿದೆಯೇ ಹುಡುಕಿ.

ನನ್ನನ್ನು ಕೇಳಿದರೆ ಸ್ವಿಚ್‌ಗಳ ನಡುವಿನ ಪೋರ್ಟ್‌ಗಳನ್ನು ಕೈಯಾರೆ 'ಸ್ವಿಚ್‌ಪೋರ್ಟ್ ಮೋಡ್ ಟ್ರಂಕ್' ಮಾಡಿಬಿಡುವುದು ವಾಸಿ. ವಿಲ್ಯಾನ್ ಪಟ್ಟಿ ತಾನಾಗಿ ಹರಡುವುದರಿಂದ ಕೆಲಸ ಉಳಿಯುತ್ತದೆ. ಟ್ರಂಕ್ ತಾನಾಗಿ ಆಗುವುದರಿಂದ ಉಳಿಯುವುದು ಒಂದು ಸಾಲು ಮಾತ್ರ, ಆ ಆಸೆಗೆ ಯಾರೋ ಲ್ಯಾಪ್‌ಟಾಪ್ ಚುಚ್ಚಿ ಟ್ರಂಕ್ ಮಾಡಿಕೊಳ್ಳುವ ಬಾಗಿಲು ತೆರೆದಿಟ್ಟ ಹಾಗಾಗುತ್ತದೆ. ಡಿಟಿಪಿ ಮಾತುಕತೆ ನಿಲ್ಲಿಸುವ 'ನೊನೆಗೋಷಿಯೇಟ್' ಹಾಕುವುದಾದರೆ ಎರಡೂ ತುದಿ ಕೈಯಾರೆ ಟ್ರಂಕ್ ಆಗಿರಲಿ. ಒಂದು ಕಡೆ ಇದನ್ನು ಹಾಕಿ ಇನ್ನೊಂದು ಕಡೆ ಡೈನಮಿಕ್ ಬಿಟ್ಟರೆ ಆ ಕಡೆ ಟ್ರಂಕ್ ಆಗುವುದಿಲ್ಲ.

ಲಕ್ಷಣ: ಎರಡೂ ಸ್ವಿಚ್‌ಗೆ ವಿಲ್ಯಾನ್ ಗೊತ್ತು, ಟ್ರಂಕ್ ಬಿಡುತ್ತಿಲ್ಲ

ಟ್ರಂಕ್ ಮೇಲೆ 'ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್' ಪಟ್ಟಿ ಹಿಂದೆ ಯಾರೋ ಹಾಕಿರುತ್ತಾರೆ. ಒಳ್ಳೆಯ ಅಭ್ಯಾಸವೇ. ಆದರೆ ಹೊಸ ವಿಲ್ಯಾನನ್ನು ವಿಟಿಪಿ ಆ ಪಟ್ಟಿಗೆ ಸೇರಿಸುವುದಿಲ್ಲ, ನೀವೇ ಸೇರಿಸಬೇಕು. ಎರಡೂ ತುದಿಯಲ್ಲಿ.

ಇಲ್ಲಿ ಎಚ್ಚರ. ಸೇರಿಸುವಾಗ 'ಆ್ಯಡ್' ಎಂಬ ಪದ ಬಿಟ್ಟು ಬರೀ 'ಅಲೌಡ್ ವಿಲ್ಯಾನ್ 30' ಎಂದು ಹೊಡೆದರೆ ಹಳೆಯ ಪಟ್ಟಿ ಪೂರ್ತಿ ಹೋಗಿ 30 ಒಂದೇ ಉಳಿಯುತ್ತದೆ. ಬಾಕಿ ವಿಲ್ಯಾನ್‌ಗಳೆಲ್ಲ ಆ ಕ್ಷಣವೇ ನಿಲ್ಲುತ್ತವೆ. ನೀವು ಸ್ವಿಚ್‌ಗೆ ಹೋದ ಮ್ಯಾನೇಜ್‌ಮೆಂಟ್ ವಿಲ್ಯಾನ್ ಕೂಡ ಅವುಗಳಲ್ಲಿದ್ದರೆ ನಿಮ್ಮ ಪರದೆಯೂ ಅಲ್ಲೇ ಸ್ತಬ್ಧ. ಒಂದು ಸಲ ನಾನೂ ಹೀಗೆ ಮಾಡಿ ಕನ್ಸೋಲ್ ಕೇಬಲ್ ಹಿಡಿದು ಓಡಿದ್ದೇನೆ. ಅಂದಿನಿಂದ ಕಮಾಂಡ್ ಬರೆದು, ಎಂಟರ್ ಒತ್ತುವ ಮೊದಲು 'ಆ್ಯಡ್' ಇದೆಯೇ ಎಂದು ಬಾಯಿಬಿಟ್ಟು ಓದಿಕೊಳ್ಳುತ್ತೇನೆ.

ಟ್ರಂಕ್ ಹಲವು ಪೋರ್ಟ್‌ಗಳನ್ನು ಒಂದಾಗಿ ಕಟ್ಟಿದ 'ಪೋರ್ಟ್ ಚಾನೆಲ್' ಆಗಿದ್ದರೆ ಬದಲಾವಣೆಯನ್ನು ಚಾನೆಲ್ ಇಂಟರ್‌ಫೇಸ್ ಮೇಲೆ ಮಾಡಿ. ಒಂದೊಂದೇ ಪೋರ್ಟ್ ಮೇಲೆ ಮಾಡಿದರೆ ಪಟ್ಟಿ ತಾಳೆಯಾಗದೆ ಆ ಪೋರ್ಟ್ ಗುಂಪಿನಿಂದ ಹೊರಬೀಳಬಹುದು.

ಲಕ್ಷಣ: ಮೂರನೇ ಭಾಗದಲ್ಲಿದೆ, ನಾಲ್ಕನೆಯದರಲ್ಲಿಲ್ಲ

ಮೊದಲು ಅರ್ಧ ನಿಮಿಷ ಕಾಯಿರಿ. ಹಳೆಯ ಸ್ಪ್ಯಾನಿಂಗ್ ಟ್ರೀ ಆಗಿದ್ದರೆ ಕೇಳಲು 15, ಕಲಿಯಲು 15, ಒಟ್ಟು 30 ಸೆಕೆಂಡ್ ತೆಗೆದುಕೊಳ್ಳುತ್ತದೆ. ಎರಡು ಸ್ವಿಚ್ ನಡುವೆ ಎರಡು ಟ್ರಂಕ್ ಇದ್ದರೆ ಒಂದು ತಡೆಹಿಡಿದಿರುವುದು ಸರಿಯೇ, ಅದು ದೋಷವಲ್ಲ. ಅದನ್ನು 'ಸರಿಪಡಿಸಲು' ಸ್ಪ್ಯಾನಿಂಗ್ ಟ್ರೀ ಆಫ್ ಮಾಡಬೇಡಿ, ಲೂಪ್ ಆಗಿ ಇಡೀ ನೆಟ್‌ವರ್ಕ್ ಮಲಗುತ್ತದೆ.

ಒಂದೇ ಟ್ರಂಕ್ ಇದ್ದೂ ಹೀಗಾಗಿದ್ದರೆ ವಿಟಿಪಿ ಪ್ರೂನಿಂಗ್ ಚಾಲೂ ಇದೆಯೇ ನೋಡಿ. ಆಚೆ ಕಡೆ ಆ ವಿಲ್ಯಾನ್ ಯಾರಿಗೂ ಬೇಡ ಎಂದು ಸ್ವಿಚ್ ಅಂದುಕೊಂಡು ಕತ್ತರಿಸಿರುತ್ತದೆ. ನಡುವೆ ಟ್ರಾನ್ಸ್‌ಪರೆಂಟ್ ಸ್ವಿಚ್ ಇರುವ ಜಾಲದಲ್ಲಿ ಪ್ರೂನಿಂಗ್ ಬೇಡವೇ ಬೇಡ.

ಲಕ್ಷಣ: ಎರಡು ತುದಿಯಲ್ಲೂ ಎಲ್ಲ ಸರಿ, ಆದರೂ ಪ್ಯಾಕೆಟ್ ದಾಟುತ್ತಿಲ್ಲ

ನನಗೆ ಇದು ಅತ್ಯಂತ ಸ್ವಾರಸ್ಯದ ದೋಷ. ಎ ಸ್ವಿಚ್‌ನಲ್ಲಿ 30 ಇದೆ. ಸಿ ಸ್ವಿಚ್‌ಗೆ ಅದು ತಾನಾಗಿಯೇ ಬಂದೂ ಇದೆ. ಪಿಂಗ್ ಮಾತ್ರ ಹೋಗುವುದಿಲ್ಲ. ನಡುವಿನ ಬಿ ನೋಡಿ. ಅದು ಟ್ರಾನ್ಸ್‌ಪರೆಂಟ್ ಮೋಡ್‌ನಲ್ಲಿದ್ದರೆ ವಿಟಿಪಿ ಸಂದೇಶವನ್ನು ಆಚೆಗೆ ದಾಟಿಸುತ್ತದೆ, ಆದರೆ ತನ್ನಲ್ಲಿ 30 ಸೃಷ್ಟಿಸಿಕೊಳ್ಳುವುದಿಲ್ಲ. ಕಾಗದ ಹಂಚುವ ಅಂಚೆಯವನು ಕಾಗದ ಓದುವುದಿಲ್ಲವಲ್ಲ, ಹಾಗೆ. ಸುದ್ದಿ ದಾಟಿತು, ಸರಕು ಬಿ ಬಳಿ ಬಿದ್ದುಹೋಯಿತು. ಬಿ ಮೇಲೆ ಕೈಯಾರೆ ವಿಲ್ಯಾನ್ 30 ಸೃಷ್ಟಿಸಿದರೆ ಮುಗಿಯಿತು.

ಎಂವಿಆರ್‌ಪಿಯಲ್ಲೂ ಇದೇ ಬಲೆ ಇದೆ. ನಡುವಿನ ಸ್ವಿಚ್‌ಗೆ ಎಂವಿಆರ್‌ಪಿ ಬಾರದಿದ್ದರೆ ಆ ಸಂದೇಶಗಳನ್ನು ಹಲವರಿಗೆ ಒಟ್ಟಿಗೆ ಹೋಗುವ ಸಾಮಾನ್ಯ ಮಲ್ಟಿಕಾಸ್ಟ್‌ನಂತೆ ದಾಟಿಸಿಬಿಡಬಹುದು. ಎರಡು ತುದಿಗಳೂ ನೇರ ಮಾತಾಡುತ್ತಿದ್ದೇವೆ ಎಂದುಕೊಳ್ಳುತ್ತವೆ.

ಲಕ್ಷಣ: ವಿಲ್ಯಾನ್ ಬರುತ್ತದೆ, ಹೋಗುತ್ತದೆ, ಅಥವಾ ಒಂದೇ ದಿಕ್ಕಿಗೆ ನಡೆಯುತ್ತದೆ

ಇದು ಎಂವಿಆರ್‌ಪಿ ಇರುವ ಕಡೆ ಕಾಣುವಂಥದ್ದು. ಅದರ ನೋಂದಣಿ ಒಂದು ದಿಕ್ಕಿನದು. ಸಂದೇಶ ಯಾವ ಪೋರ್ಟ್‌ನಲ್ಲಿ ಬಂತೋ ಆ ಪೋರ್ಟ್ ಮಾತ್ರ ವಿಲ್ಯಾನ್‌ಗೆ ಸೇರುತ್ತದೆ. ಎ ಕಡೆ 30ರ ಪೋರ್ಟ್ ಇದೆ, ಸಿ ಕಡೆ ಇಲ್ಲ ಅಂದುಕೊಳ್ಳಿ. ಆಗ ಬಿ ಸ್ವಿಚ್ ಎ ಕಡೆಯ ಪೋರ್ಟನ್ನು ಸೇರಿಸುತ್ತದೆ, ಸಿ ಕಡೆಯದನ್ನು ಸೇರಿಸುವುದಿಲ್ಲ. ಸಿ ಮೇಲೆ 30ರಲ್ಲಿ ಒಂದಾದರೂ ಪೋರ್ಟ್ ಇಟ್ಟು, ಅದು ಮೇಲೆ ಬಂದ ನಂತರ ಪರೀಕ್ಷಿಸಿ. ಪೋರ್ಟ್‌ನ ನೋಂದಣಿ 'ಫರ್ಬಿಡನ್' ಆಗಿದೆಯೇ ಎಂದೂ ನೋಡಿ. ಹಾಗಿದ್ದರೆ ಎಷ್ಟು ಕೂಗಿದರೂ ಅದು ಸೇರಿಸಿಕೊಳ್ಳುವುದಿಲ್ಲ.

ಬಂದು ಹೋಗುತ್ತಿದ್ದರೆ ಟೈಮರ್ ನೋಡಿ. ಜಾಯಿನ್ (ಸೇರಲು ಕೇಳುವ) ಟೈಮರ್ ಸಾಮಾನ್ಯವಾಗಿ 200 ಮಿಲಿಸೆಕೆಂಡ್, ಲೀವ್‌ಆಲ್ (ಎಲ್ಲರೂ ಮತ್ತೆ ನೋಂದಾಯಿಸಿ ಎನ್ನುವ) 10 ಸೆಕೆಂಡ್. ಲೀವ್ (ಹೆಸರು ತೆಗೆಯುವ ಮೊದಲು ಕಾಯುವ) ಟೈಮರ್ ಜಾಯಿನ್‌ನ ಇಮ್ಮಡಿಗಿಂತ ಜಾಸ್ತಿ ಇರಬೇಕು, ಲೀವ್‌ಆಲ್ ಲೀವ್‌ಗಿಂತ ದೊಡ್ಡದಿರಬೇಕು. ಯಾರೋ ವೇಗ ಹೆಚ್ಚಿಸಲು ಲೀವ್ ತಗ್ಗಿಸಿದ್ದರೆ ಪಕ್ಕದ ಸ್ವಿಚ್ 'ಇನ್ನೂ ಬೇಕು' ಎನ್ನುವಷ್ಟರಲ್ಲಿ ಹೆಸರು ಹೊಡೆದುಹಾಕುತ್ತದೆ. ಎಲ್ಲ ಸ್ವಿಚ್‌ಗಳಲ್ಲೂ ಒಂದೇ ಅಳತೆ ಇಡಿ.

ಒಂದು ಕಡೆ ಜಿವಿಆರ್‌ಪಿ, ಇನ್ನೊಂದು ಕಡೆ ಎಂವಿಆರ್‌ಪಿ ಇದ್ದರೆ ಮಾತು ನಡೆಯುವುದಿಲ್ಲ. ವಿಟಿಪಿಗಂತೂ ಇಬ್ಬರ ಜೊತೆಗೂ ಸಂಬಂಧವಿಲ್ಲ. ಬೇರೆ ಬೇರೆ ಕಂಪನಿಯ ಸ್ವಿಚ್ ಬೆರೆತ ಜಾಗದಲ್ಲಿ ನಡುವಿನ ಗಡಿ ಟ್ರಂಕ್ ಮೇಲೆ ವಿಲ್ಯಾನ್‌ಗಳನ್ನು ಕೈಯಾರೆ ಹಾಕುವುದೇ ದಾರಿ.

ಲಕ್ಷಣ: ಒಂದು ವಿಲ್ಯಾನ್‌ನವರಿಗೆ ಇನ್ನೊಂದರ ಐಪಿ ಸಿಗುತ್ತಿದೆ

ಟ್ರಂಕ್‌ನ ಎರಡು ತುದಿಯಲ್ಲಿ ನೇಟಿವ್ ವಿಲ್ಯಾನ್ ಬೇರೆ ಬೇರೆ ಇದೆ. ಟ್ಯಾಗ್ ಇಲ್ಲದೆ ಹೊರಟ ಫ್ರೇಮ್ ಆಚೆ ಇನ್ನೊಂದು ವಿಲ್ಯಾನ್‌ಗೆ ಬೀಳುತ್ತದೆ. ಪಕ್ಕದ ಸಾಧನದ ಜೊತೆ ಮಾಹಿತಿ ಹಂಚಿಕೊಳ್ಳುವ ಸಿಡಿಪಿ ಇದ್ದರೆ ಲಾಗ್‌ನಲ್ಲಿ 'ನೇಟಿವ್ ವಿಲ್ಯಾನ್ ಮಿಸ್‌ಮ್ಯಾಚ್' ಎಂದು ಕೂಗುತ್ತಲೇ ಇರುತ್ತದೆ. ದೂರದಿಂದ ತಿದ್ದುವಾಗ ಆಚೆ ತುದಿಯನ್ನು ಮೊದಲು, ಈಚೆ ತುದಿಯನ್ನು ಆಮೇಲೆ ಬದಲಾಯಿಸಿ.

ಲಕ್ಷಣ: ಹೊಸ ಸ್ವಿಚ್ ಹಾಕಿದೊಡನೆ ಎಲ್ಲ ವಿಲ್ಯಾನ್ ಮಾಯ

ಪೋರ್ಟ್ ಲೈಟ್‌ಗಳು ಸಾಲುಸಾಲಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿದವು, ಫೋನ್ ಮೇಲೆ ಫೋನ್ ಬರುತ್ತಿದೆ. ವಿಟಿಪಿಯ ಕೆಟ್ಟ ಹೆಸರಿಗೆ ಕಾರಣವೇ ಇದು.

1 ಮತ್ತು 2ನೇ ಆವೃತ್ತಿಯಲ್ಲಿ ಯಾರ ರಿವಿಷನ್ ನಂಬರ್ ದೊಡ್ಡದೋ ಅವರ ಪಟ್ಟಿಯೇ ಸತ್ಯ. ಬೇರೆಲ್ಲೋ ಬಳಸಿದ ಹಳೆಯ ಸ್ವಿಚ್, ಅದೇ ಡೊಮೇನ್ ಹೆಸರು, ಅದೇ ಪಾಸ್‌ವರ್ಡ್, ನಂಬರ್ 87. ನಿಮ್ಮದು 52. ಕೇಬಲ್ ಚುಚ್ಚಿದ ಕೂಡಲೇ ಅದರ ಹಳೆಯ ಪಟ್ಟಿ ಎಲ್ಲರ ಮೇಲೂ ಕೂರುತ್ತದೆ. ಅದು ಕ್ಲೈಂಟ್ (ತಾನೇ ವಿಲ್ಯಾನ್ ಸೇರಿಸಲಾಗದ) ಮೋಡ್‌ನಲ್ಲಿದ್ದರೂ ಹೀಗಾಗಬಹುದು ಎಂಬುದು ಹಲವರಿಗೆ ಗೊತ್ತಿರುವುದಿಲ್ಲ.

ಗಾಬರಿಯಲ್ಲಿ ಸ್ವಿಚ್‌ಗಳನ್ನು ರಿಲೋಡ್ ಮಾಡಬೇಡಿ, ಪ್ರಯೋಜನವಿಲ್ಲ. ಹೊಸ ಸ್ವಿಚ್‌ನ ಕೇಬಲ್ ಕಿತ್ತು ಪಕ್ಕಕ್ಕಿಡಿ. 'ಶೋ ವಿಟಿಪಿ ಸ್ಟೇಟಸ್'ನಲ್ಲಿ ಕೊನೆಗೆ ಬದಲಾಯಿಸಿದ ಸ್ವಿಚ್‌ನ ಐಪಿ ಮತ್ತು ಹೊತ್ತು ಇರುತ್ತದೆ, ಅನುಮಾನ ಖಚಿತ ಮಾಡಿಕೊಳ್ಳಿ. ಆಮೇಲೆ ಒಂದು ಸರ್ವರ್ ಮೇಲೆ ಕೂತು ವಿಲ್ಯಾನ್‌ಗಳನ್ನು ಅದೇ ನಂಬರ್‌ನಲ್ಲಿ ಮತ್ತೆ ಸೇರಿಸಿ. ಯಾವ ಪೋರ್ಟ್ ಯಾವ ವಿಲ್ಯಾನ್ ಎಂಬುದು ಪ್ರತಿ ಸ್ವಿಚ್‌ನ ಕಾನ್ಫಿಗ್‌ನಲ್ಲಿ ಹಾಗೇ ಇರುತ್ತದೆ. ವಿಲ್ಯಾನ್ ಹುಟ್ಟಿದ ಕೂಡಲೇ ಪೋರ್ಟ್‌ಗಳು ಏಳುತ್ತವೆ. ಪಟ್ಟಿ ಬರೆದಿಟ್ಟಿಲ್ಲವೇ? ಆ ಕಾನ್ಫಿಗ್‌ಗಳಿಂದಲೇ ನಂಬರ್ ಹೆಕ್ಕಬಹುದು. ಹೆಸರುಗಳು ಮಾತ್ರ ನೆನಪಿನಿಂದಲೇ ಬರಬೇಕು.

'ವಿಲ್ಯಾನ್ ಡಾಟ್ ಡ್ಯಾಟ್'ನ ಹಳೆಯ ಪ್ರತಿ ಇದ್ದರೆ ಅದನ್ನು ಹಾಕಿದರೆ ಸಾಕಲ್ಲ ಅನಿಸುತ್ತದೆ. ಅದರೊಳಗಿನ ರಿವಿಷನ್ 52. ಸುತ್ತಲಿನವರೆಲ್ಲ ಈಗ 87ರಲ್ಲಿದ್ದಾರೆ. ಸ್ವಿಚ್ ಎದ್ದ ಕೂಡಲೇ ಅವರ ಮಾತು ಕೇಳಿ ಮತ್ತೆ ಅಳಿಸಿಕೊಳ್ಳುತ್ತದೆ. ಕೈಯಾರೆ ಹೊಡೆಯುವುದೇ ಬೇಗ.

ಬಳಸಿದ ಸ್ವಿಚ್ ಸೇರಿಸುವ ಮೊದಲು, ಕೇಬಲ್ ಇಲ್ಲದೆ, ಟ್ರಾನ್ಸ್‌ಪರೆಂಟ್ ಮೋಡ್‌ಗೆ ಹಾಕಿ ವಾಪಸ್ ತನ್ನಿ. ನಂಬರ್ 0 ಆಗುತ್ತದೆ. ಆಗಿದೆಯೇ ಎಂದು ಕಣ್ಣಾರೆ ನೋಡಿ ಆಮೇಲೆ ಚುಚ್ಚಿ.

ಯಾವಾಗ ಕೈ ಬಿಡಬೇಕು

ಎಲ್ಲ ಲೈಟ್‌ಗಳೂ ಒಟ್ಟಿಗೇ ಹುಚ್ಚು ಹಿಡಿದಂತೆ ಮಿಣುಕುತ್ತಿದ್ದು, ಲಾಗ್‌ನಲ್ಲಿ ಒಂದೇ ಮ್ಯಾಕ್ ವಿಳಾಸ (ಸಾಧನದ ಸ್ವಂತ ಗುರುತು) ಪೋರ್ಟ್‌ನಿಂದ ಪೋರ್ಟ್‌ಗೆ ಹಾರುತ್ತಿದ್ದರೆ ಅದು ಲೂಪ್. ವಿಲ್ಯಾನ್ ಹುಡುಕಾಟ ನಿಲ್ಲಿಸಿ, ಕೊನೆಗೆ ಹಾಕಿದ ಕೇಬಲ್ ಕೀಳಿ. ಅದೇ ಟ್ರಂಕ್ ಮೇಲೆ ಫೋನ್, ಬಾಗಿಲ ಲಾಕ್, ಅಲಾರಂ ಓಡುತ್ತಿದ್ದರೆ ಕೆಲಸದ ಹೊತ್ತಲ್ಲಿ ಪ್ರಯೋಗ ಬೇಡ, ಜಾಲದ ಹೊಣೆ ಹೊತ್ತವರಿಗೆ ಹೇಳಿ ಸಮಯ ಕೇಳಿ. ಫೈಬರ್ ಬಿಚ್ಚಿದರೆ ಅದರ ತುದಿಯೊಳಗೆ ಕಣ್ಣಿಡಬೇಡಿ, ಲೇಸರ್ ಕಣ್ಣಿಗೆ ಕಾಣುವುದಿಲ್ಲ. ಓಡುತ್ತಿರುವ ಸ್ವಿಚ್ ಮೇಲೆ ಡೀಬಗ್ ಕಮಾಂಡ್ ಕೊಡುವುದೂ ಬೇಡ, ಸಿಪಿಯು ತುಂಬಿ ಸ್ವಿಚ್ ನಿಮ್ಮ ಮಾತೂ ಕೇಳದಂತಾಗಬಹುದು.

ಬೇರೆಯವರ ಸಹಾಯ ಕೇಳುವಾಗ ನಾಲ್ಕನ್ನು ಜೊತೆಗೆ ಕಳಿಸಿ: ಎರಡೂ ತುದಿಯ 'ಶೋ ಇಂಟರ್‌ಫೇಸಸ್ ಟ್ರಂಕ್', 'ಶೋ ವಿಟಿಪಿ ಸ್ಟೇಟಸ್', 'ಶೋ ವಿಲ್ಯಾನ್', ಮತ್ತು ನಡುವೆ ಯಾವ ಯಾವ ಸ್ವಿಚ್ ಇವೆ ಎಂಬ ಒಂದು ಕೈಚಿತ್ರ. ಪಾಸ್‌ವರ್ಡ್ ಸಾಲು ಅಳಿಸಿ ಕಳಿಸಿ.